ತಪ್ಪಿನ ತಟ್ಟೆ

ಮಾರ್ಚ್ 4, ಮಂಗಳವಾರ. ಮಧ್ಯಾಹ್ನದ ಬ್ರೇಕ್

ಇವತ್ತಿನ ಊಟ: ಈರುಳ್ಳಿ ಬೇಡ ಎಂದವರಿಗೆ ಈರುಳ್ಳಿ ಹಾಕಿದ್ದ ಬರ್ಗರ್. ಆರ್ಡರ್ ಕೊಟ್ಟು, ಫೋನ್ ಬಂತೆಂದು ಓಡಿಹೋದ ಯಾರದೋ ಕರಿದ ಚಿಕನ್. ದೊಡ್ಡ ಡಬ್ಬಿಯ ಬದಲು ಚಿಕ್ಕದರಲ್ಲಿ ತುಂಬಿದ ಫ್ರೈಸ್. ಅದನ್ನು ದೊಡ್ಡದಕ್ಕೆ ಸುರಿದರೆ ಮುಗಿಯುತ್ತಿತ್ತು. ಯಾರೂ ಸುರಿಯಲಿಲ್ಲ. ಕೋಲಾ, ಬೇಕಾದಷ್ಟು.

ನಮ್ಮ ಅಡುಗೆಮನೆಯಲ್ಲಿ ಫ್ರೈಯರ್ ಪಕ್ಕ ಒಂದು ಸ್ಟೀಲ್ ತಟ್ಟೆ ಇದೆ. ತಪ್ಪಾದ ಆರ್ಡರೆಲ್ಲ ಅದಕ್ಕೆ. ಬ್ರೇಕಿಗೆ ಹೋಗುವವರು ಅದರಿಂದ ತಿನ್ನಬಹುದು. ಸರಿಯಾಗಿ ಮಾಡಿದ್ದನ್ನು ಮುಟ್ಟಿದರೆ ಕೆಲಸ ಹೋಗುತ್ತದೆ. ಅಂಗಡಿಯ ಕಾನೂನು. ಹಾಗಾಗಿ ಬ್ರೇಕ್ ಹತ್ತಿರ ಬಂದಂತೆ ಎಲ್ಲರ ಕೈಯೂ ತಪ್ಪತೊಡಗುತ್ತದೆ. ಮೇಯೊ ಬರ್ಗರ್ ಕಟ್ಟುವವನು. ಮೇಯೊನೀಸನ್ನು ಗೋಡೆಗೆ ಬಣ್ಣ ಬಳಿದಂತೆ ಬಳಿಯುತ್ತಾನೆಂದು ಆ ಹೆಸರು. ಹಸಿವಾದರೆ ಅವನಿಗೆ ಕಿವಿ ಕೇಳುವುದಿಲ್ಲ. ಚೀಸ್ ಬೇಡ ಎಂದರೆ ಎರಡು ಹಾಕುತ್ತಾನೆ.

ನಾನು ಬೇಕೆಂದೇ ಒಂದು ತಪ್ಪೂ ಮಾಡಿಲ್ಲ. ಬೇರೆಯವರು ಮಾಡಿದ್ದನ್ನು ತಿಂದಿದ್ದೇನೆ, ಅಷ್ಟೆ. ಕೆಲಸಕ್ಕೆ ಸೇರಿದ ದಿನದಿಂದ, ಎರಡು ಹೊತ್ತೂ.

ಊಟವಾದರೆ ಸಾಕು, ಕಣ್ಣು ಎಳೆಯುತ್ತದೆ. ಈ ಸಾಲು ಬರೆಯುವಾಗಲೇ ಎರಡು ಸಲ ತೂಕಡಿ...

ಅದೇ ದಿನ, ಸಂಜೆ

ಅಕ್ಕ ಮೇಲಿನ ಮಹಡಿಯಿಂದ ಕೂಗಿದಳು. ಹತ್ತಿ ಹೋಗುವಷ್ಟರಲ್ಲಿ ನನಗೇ ಏದುಸಿರು. ಎಂಟು ತಿಂಗಳ ಬಸುರಿ ಅವಳು. ಆದರೆ ಕೂತುಕೋ ಎಂದು ಅವಳೇ ನನಗೆ ಕುರ್ಚಿ ಎಳೆದುಕೊಟ್ಟಳು. ನಾಚಿಕೆ.

ವಿಷಯ: ಮೊದಲ ಹೆರಿಗೆಯಲ್ಲಿ ಅಕ್ಕನಿಗೆ ತುಂಬಾ ರಕ್ತ ಹೋಗಿತ್ತು. ಈ ಸಲ ಮುಂಚೆಯೇ ಒಂದು ಚೀಲ ರಕ್ತ ತೆಗೆದಿಡಬೇಕು ಎಂದಿದ್ದಾರೆ ಡಾಕ್ಟರು. ಅವಳದು ಸುಲಭಕ್ಕೆ ಸಿಗದ ನೆಗೆಟಿವ್ ಗುಂಪು, ಬ್ಲಡ್ ಬ್ಯಾಂಕಿನಲ್ಲೂ ಇಲ್ಲ. ಮನೆಯಲ್ಲಿ ಅದೇ ಗುಂಪಿನವನು ನಾನೊಬ್ಬನೇ.

"ಕೊಡ್ತೀಯೇನೋ ಕಡ್ಡಿ?" ಅಂದಳು. ಸಣಕಲ ಎಂದು ಮನೆಯವರೆಲ್ಲ ನನ್ನನ್ನು ಕರೆಯುವುದೇ ಹಾಗೆ.

"ತಗೋ. ಎರಡು ಚೀಲ ಬೇಕಾದ್ರೂ ತಗೋ."

"ಅದೇನು ಕೋಲಾನಾ, ಇನ್ನೊಂದು ಲೋಟ ಅನ್ನೋಕೆ?"

ಭಾವ ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದ. ಲಿಫ್ಟ್ ರಿಪೇರಿ ಅವನ ಕೆಲಸ. ನಮ್ಮ ಕಟ್ಟಡದಲ್ಲಿ ಲಿಫ್ಟ್ ಇಲ್ಲ. "ಇಷ್ಟು ವರ್ಷ ಸಾಕಿದ್ದಕ್ಕೆ ಕೊನೆಗೂ ಒಂದು ಉಪಯೋಗಕ್ಕೆ ಬಂದ," ಅಂದ. ಸಾಕಿದ್ದು ಅಮ್ಮ. ಹಾಗೆಂದು ಹೇಳಿದೆ.

ಮಾರ್ಚ್ 6, ಗುರುವಾರ

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬ್ಲಡ್ ಬ್ಯಾಂಕಿಗೆ. ಜೊತೆಗೆ ಭಾವ. ಅಲ್ಲಿನ ಮೇಡಂ ಮೊದಲು ಪರೀಕ್ಷೆಗೆಂದು ಒಂದು ಸಣ್ಣ ಟ್ಯೂಬಿನಷ್ಟು ತೆಗೆದು ಮೆಷಿನ್ನಿಗೆ ಇಟ್ಟರು. ಅದು ಗಿರ್ರೆಂದು ತಿರುಗಿತು. ಹೊರತೆಗೆದು ಬೆಳಕಿಗೆ ಹಿಡಿದರು. ಕೆಳಗೆ ಕೆಂಪು. ಅದರ ಮೇಲೆ ತಿಳಿ ಹಳದಿ ನೀರು ಇರಬೇಕಂತೆ. ನನ್ನದರಲ್ಲಿ ಬಿಳಿ. ಗೋಡೆಗೆ ಹೊಡೆಯುವ ಸುಣ್ಣದ ನೀರು ಇದ್ದ ಹಾಗೆ.

"ಏನಪ್ಪಾ, ನಿನ್ನೆ ಏನು ತಿಂದೆ?"

ಹೇಳಿದೆ. ಮೊನ್ನೆಯದನ್ನೂ ಹೇಳಿದೆ. ಅದರ ಹಿಂದಿನ ದಿನಕ್ಕೆ ಬರುವಷ್ಟರಲ್ಲಿ ಕೈ ಎತ್ತಿ "ಸಾಕು" ಅಂದರು.

"ಆ ಬಿಳೀದೇನು ಮೇಡಂ?"

"ಕೊಬ್ಬು."

"ನನ್ನ ಹತ್ರ ಎಲ್ಲಿದೆ ಮೇಡಂ ಕೊಬ್ಬು?" ಅಂಗಿ ಎತ್ತಿ ಪಕ್ಕೆಲುಬು ತೋರಿಸಿದೆ.

"ನಾನು ಮದುವೆ ಆದಾಗಿಂದ ಹೇಳ್ತಾನೇ ಇದ್ದೀನಿ ಮೇಡಂ, ಇವನಿಗೆ ಕೊಬ್ಬು ಅಂತ," ಭಾವ ನಡುವೆ ಬಾಯಿ ಹಾಕಿದ. "ಇವರ ಮನೇಲಿ ಯಾರೂ ನಂಬಲಿಲ್ಲ."

ಮೇಡಂ ನಗಲಿಲ್ಲ. ಹೊರಗೆ ತೆಳ್ಳಗಿದ್ದರೆ ಒಳಗೂ ಹಾಗೇ ಇರಬೇಕೆಂದಿಲ್ಲ ಅಂದರು. ಇಷ್ಟು ಮಬ್ಬಾದರೆ ರಕ್ತದಲ್ಲಿ ಬೇರೆ ರೋಗ ಇದೆಯೋ ಇಲ್ಲವೋ ಎಂದು ಮೆಷಿನ್ನಿಗೆ ಗೊತ್ತಾಗುವುದಿಲ್ಲ. ಪರೀಕ್ಷೆಯಾಗದ ರಕ್ತವನ್ನು ಯಾರಿಗೂ ಕೊಡುವಂತಿಲ್ಲ.

"ಇವತ್ತು ತಗೊಳಲ್ವಾ?"

"ತಗೊಂಡ್ರೆ ಚೆಲ್ಲೋಕೇ ತಗೋಬೇಕು. ಎರಡು ವಾರ ಮನೆ ಊಟ ಮಾಡು. ಕರಿದದ್ದು ಬೇಡ. ಕೋಲಾ ಅಂತೂ ಮುಟ್ಟಲೇಬೇಡ."

"ಕೋಲಾದಲ್ಲಿ ಎಣ್ಣೆ ಎಲ್ಲಿದೆ ಮೇಡಂ?"

"ಸಕ್ಕರೆ ಇದೆಯಲ್ಲ. ಹೆಚ್ಚಾದ ಸಕ್ಕರೆ ಒಳಗೆ ಹೋಗಿ ಇದೇ ಆಗತ್ತೆ," ಎಂದು ಟ್ಯೂಬನ್ನು ನನ್ನ ಮೂಗಿನ ಹತ್ತಿರ ಹಿಡಿದರು.

ಒಂಬತ್ತನೇ ಕ್ಲಾಸಿನಲ್ಲಿ ಶಾಲೆ ಬಿಟ್ಟೆ. ಒಂದು ಕಡೆ ಕೂರುವುದು ನನ್ನಿಂದಾಗದು. ಈ ಪಾಠ ಹತ್ತನೇ ಕ್ಲಾಸಿನಲ್ಲಿ ಇತ್ತೋ ಏನೋ.

ಮನೆಗೆ ಬಂದು ಹೇಳಿದಾಗ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನಗು ನಿಂತಿತು. "ಅಷ್ಟರೊಳಗೆ ಸರಿ ಹೋಗತ್ತೇನೋ?"

"ಗೊತ್ತಿಲ್ಲ ಅಕ್ಕ."

ಮೆಟ್ಟಿಲಲ್ಲಿ ಭಾವ ಹಿಡಿದುಕೊಂಡ. "ಹೋಗತ್ತೆ ಅನ್ನೋಕೆ ನಿನಗೇನು ರೋಗ?"

ಸರಿ ಹೋಗುತ್ತದೋ ಇಲ್ಲವೋ ನಿಜವಾಗಿಯೂ ಗೊತ್ತಿಲ್ಲವಲ್ಲ.

ಮಾರ್ಚ್ 7, ಶುಕ್ರವಾರ

ತಲೆನೋವು. ಕೋಲಾ ಬಿಟ್ಟದ್ದಕ್ಕಂತೆ. ಅಮ್ಮ ಬೇಯಿಸಿದ ಎಲೆಕೋಸು ಡಬ್ಬಿಗೆ ಹಾಕಿ ಕಳಿಸಿದ್ದಳು. ಅಂಗಡಿಯಲ್ಲಿ ಮುಚ್ಚಳ ತೆಗೆದೆ. ಫ್ರೈಯರ್ ಹತ್ತಿರ ನಿಲ್ಲುವ ಎಣ್ಣೆಯಮ್ಮ, "ಯಾರೋ ಸತ್ತಿದ್ದಾರೆ ಇಲ್ಲಿ" ಎಂದು ಕಿಟಕಿ ತೆಗೆದಳು.

ಮಾರ್ಚ್ 9, ಭಾನುವಾರ

ರಜೆಯ ದಿನ, ಜನ ಜಾತ್ರೆಯಂತೆ. ತಟ್ಟೆ ತುಂಬಿ ತುಳುಕುತ್ತಿತ್ತು. ಅದರ ಮುಂದೆ ಹಾದಾಗಲೆಲ್ಲ ಕಾಲು ತಾನಾಗಿಯೇ ನಿಧಾನವಾಗುತ್ತದೆ. ಕಟ್ಟಿಹಾಕಿದ ನಾಯಿಯ ಮುಂದೆ ಮೂಳೆ ಇಟ್ಟಹಾಗೆ. ನಾಯಿಯೂ ನಾನೇ, ಕಟ್ಟಿದವನೂ ನಾನೇ. ಗಂಟು ಸಡಿಲ.

ಯೋಚಿಸಿದೆ. ತಟ್ಟೆಯಲ್ಲಿ ಇದ್ದರೆ ತಾನೇ ತಿನ್ನುವುದು? ತಪ್ಪೇ ಆಗದಿದ್ದರೆ ತಟ್ಟೆ ಖಾಲಿ. ಬಂದ ಆರ್ಡರನ್ನು ಮೈಕಿನಲ್ಲಿ ಕೂಗಿ ಹೇಳುವ ಕೆಲಸ ಯಾರಿಗೂ ಬೇಡ. ಮ್ಯಾನೇಜರ್ ಸಾರ್ ಹತ್ತಿರ ಹೋಗಿ ಕೇಳಿ ತೆಗೆದುಕೊಂಡೆ.

ಮಾರ್ಚ್ 12, ಬುಧವಾರ

ತಟ್ಟೆ ಖಾಲಿ! ಮೂರು ದಿನದಿಂದ!

ಪ್ರತಿ ಆರ್ಡರ್ ಎರಡು ಸಲ ಕೂಗುತ್ತೇನೆ. ಕಟ್ಟುವ ಮೊದಲು ಬನ್ ಎತ್ತಿ ನೋಡುತ್ತೇನೆ. ಮೇಯೊ ಕೈಯಲ್ಲಿ ಬೇಡದ ಚೀಸ್ ಕಂಡರೆ ಮೈಕಿನಲ್ಲೇ "ಮೇಯೊ, ಚೀಸ್ ಕೆಳಗಿಡು." ಮ್ಯಾನೇಜರ್‌ಗೆ ಆನಂದಬಾಷ್ಪ. 'ತಿಂಗಳ ನೌಕರ' ಎಂದು ನನ್ನ ಫೋಟೊ ಗೋಡೆಗೆ ಅಂಟಿಸಿದ್ದಾರೆ. ಶಾಲೆಯಲ್ಲಿ ನನ್ನ ಹೆಸರು ಗೋಡೆಯ ಮೇಲೆ ಇತ್ತು, ಆದರೆ ಅದನ್ನು ಬರೆದವನು ನಾನೇ.

ಉಳಿದವರು ಉಪವಾಸ. ಎಣ್ಣೆಯಮ್ಮ ಟೀಗೆ ಬಿಸ್ಕತ್ ಅದ್ದುತ್ತ ಶಾಪ ಹಾಕಿದಳು. "ಇನ್ನೊಬ್ಬರ ಹೊಟ್ಟೆ ಮೇಲೆ ಹೊಡೆದು ನೀನೇನು ಉದ್ಧಾರ ಆಗ್ತೀಯ ನೋಡ್ತೀನಿ."

ಮೇಯೊ ಕೇಳಿದ. "ನಿನಗೆ ಹಸಿವಾಗಲ್ವಾ ಗುರು?"

"ಆಗತ್ತೆ."

"ಮತ್ತೆ?"

"ತಿನ್ನಲ್ಲ."

ಯಾಕೆ ಎಂದು ಅವನು ಕೇಳಲಿಲ್ಲ. ನಾನು ಹೇಳಲಿಲ್ಲ. ನನ್ನ ರಕ್ತ ಬೆಳ್ಳಗಿದೆ ಎಂದು ಹೇಳಿಕೊಂಡು ತಿರುಗುವುದು ಹೇಗೆ?

ಮಾರ್ಚ್ 18, ಮಂಗಳವಾರ

ಬರೆಯದೇ ಇದ್ದದ್ದಕ್ಕೆ ಕಾರಣ ಇದೆ.

ತಿಂದೆ.

ಹದಿಮೂರಕ್ಕೆ. ನನ್ನ ಬ್ರೇಕ್ ಹೊತ್ತಿಗೆ ತಟ್ಟೆಯ ಮೇಲೆ ಒಂದೇ ಒಂದು ಇತ್ತು. ಗರಿಗರಿ ಚಿಕನ್, ಎರಡು ಚೀಸ್, ಬದಿಯಿಂದ ಸಾಸ್ ಇಳಿಯುತ್ತಿದೆ. ನನಗೆ ಇಷ್ಟವಾದದ್ದೆಲ್ಲ ಒಂದರೊಳಗೆ. ಇಂಥ ಆರ್ಡರ್ ಯಾರೂ ಕೊಟ್ಟಿರಲಿಲ್ಲ. ಕೂಗುವವನು ನಾನೇ, ನನಗೆ ಗೊತ್ತಿಲ್ಲವೇ?

"ನಿನಗೋಸ್ಕರ ತಪ್ಪು ಮಾಡಿದೆ," ಮೇಯೊ ಅಂದ. "ರಾಜಿ ಆಗೋಣ ಗುರು."

ಅವನ ಮುಖದಲ್ಲಿ ಕಪಟ ಇರಲಿಲ್ಲ. ಇದ್ದಿದ್ದರೆ ಬೇಡ ಎನ್ನುತ್ತಿದ್ದೆನೋ ಏನೋ. ತಿಂದೆ. ಕಣ್ಣು ಮುಚ್ಚಿಕೊಂಡು ತಿಂದೆ. ಹದಿನಾಲ್ಕಕ್ಕೆ, ಹೇಗೂ ನಿನ್ನೆ ಕೆಟ್ಟಿತಲ್ಲ ಎಂದು ತಿಂದೆ. ಹದಿನೈದಕ್ಕೆ ಕಾರಣ ಹುಡುಕುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ. ಕೋಲಾ ಕೂಡ. ಅದೂ ದೊಡ್ಡದು.

ಪಶ್ಚಾತ್ತಾಪದಿಂದ ರುಚಿಸಲಿಲ್ಲ ಎಂದು ಬರೆಯಬಹುದು. ಆದರೆ ಬಹಳ ರುಚಿಯಾಗಿತ್ತು.

ಆಮೇಲೆ ಮೂರು ದಿನ ಹೊಟ್ಟೆ ಕಲ್ಲು. ಬಾತ್‌ರೂಮಿನಲ್ಲಿ ಕೂತು ಕೂತು ಕಾಲು ಜೋಮು ಹಿಡಿಯಿತು. ಅಮ್ಮ ಬಾಗಿಲು ಬಡಿದು "ಅಲ್ಲೇ ಬಾಡಿಗೆಗೆ ಇದ್ದೀಯೇನೋ?" ಅಂದಳು.

ಮಾರ್ಚ್ 20, ಗುರುವಾರ

ಎರಡನೇ ಸಲ ಬ್ಲಡ್ ಬ್ಯಾಂಕು. ದಾರಿಯಲ್ಲಿ ಭಾವ ಪಾಠ ಹೇಳಿಕೊಟ್ಟ. "ಕೇಳಿದ್ರೆ ಮನೆ ಊಟ ಅನ್ನು, ಅಷ್ಟೇ. ಜಾಸ್ತಿ ಮಾತು ಬೇಡ."

ಮೇಡಂ ಕೇಳಿದರು. ಹದಿಮೂರು, ಹದಿನಾಲ್ಕು, ಹದಿನೈದು, ಎಲ್ಲ ಹೇಳಿದೆ. ಭಾವ ಹಣೆ ಚಚ್ಚಿಕೊಂಡ.

"ಹೇಳದೇ ಇದ್ರೂ ಇದು ಹೇಳ್ತಿತ್ತು," ಎಂದು ಟ್ಯೂಬ್ ತೋರಿಸಿದರು ಮೇಡಂ. ಮೊದಲಿನಷ್ಟು ಬಿಳಿ ಇಲ್ಲ. ಸುಣ್ಣಕ್ಕೆ ನೀರು ಜಾಸ್ತಿ ಬೆರೆಸಿದಂತೆ. ಆದರೂ ಟ್ಯೂಬಿನ ಆಚೆ ಹಿಡಿದ ಬೆರಳು ಕಾಣದು.

ಸಾಲದ್ದಕ್ಕೆ, ಅಕ್ಕನ ಡಾಕ್ಟರು ಹೆರಿಗೆಯ ದಿನವನ್ನೇ ಬೇಗ ಇಟ್ಟಿದ್ದಾರೆ. ಮಗು ಹೊಟ್ಟೆಯಲ್ಲಿ ಅಡ್ಡ ಮಲಗಿದೆಯಂತೆ. ಏಪ್ರಿಲ್ ಎರಡಕ್ಕೆ ಆಪರೇಷನ್. ಅದಕ್ಕೂ ನಾಲ್ಕೈದು ದಿನ ಮುಂಚೆ ರಕ್ತ ಬೇಕು. ಬೇರೆ ಊರುಗಳಲ್ಲೂ ವಿಚಾರಿಸಿದ್ದಾರೆ, ಯಾರೂ ಸಿಕ್ಕಿಲ್ಲ.

ಹೊರಗೆ ಬಂದ ಮೇಲೆ ಭಾವ ಬೈಯುತ್ತಾನೆಂದು ಕಾದೆ. ಬೈಯಲಿಲ್ಲ. ಸ್ಕೂಟರ್ ಮೇಲೆ ಕೂತ. ಕೀಲಿ ತಿರುಗಿಸಲಿಲ್ಲ.

"ನನ್ನ ಮುಂದೆ ನಗ್ತಾಳೆ ಕಣೋ," ಅಂದ. "ನಾನು ಆ ಕಡೆ ತಿರುಗಿದ ಮೇಲೆ ಅಳ್ತಾಳೆ. ಹೋದ ಸಲ ಆಗಿದ್ದು ಅವಳಿಗೆ ಮರೆತಿಲ್ಲ. ನನಗೂ ಮರೆತಿಲ್ಲ."

ಅವನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಾರ್ಚ್ 21, ಶುಕ್ರವಾರ

ಕೆಲಸ ಹೋಗಿಲ್ಲ. ಫೋಟೊ ಹೋಗಿದೆ.

ಅಡುಗೆಮನೆಯಲ್ಲಿ ಎಲ್ಲರಿಗೂ ಹೇಳಿಬಿಡುವುದೆಂದು ನಿರ್ಧರಿಸಿದೆ. ಒಬ್ಬೊಬ್ಬರಿಗೇ ಹೇಳುತ್ತ ಹೋದರೆ ಧೈರ್ಯ ಸಾಲದು. ಎಲ್ಲರೂ ಒಟ್ಟಿಗೆ ಕಿವಿ ಕೊಡುವುದು ಆರ್ಡರ್ ಕೂಗುವಾಗ ಮಾತ್ರ. ಮೈಕ್ ಹಿಡಿದೆ.

"ಎಲ್ಲರೂ ಕೇಳಿ. ನನ್ನ ಅಕ್ಕನ ಹೆರಿಗೆಗೆ ರಕ್ತ ಬೇಕು. ಕೊಡಬೇಕಾದವನು ನಾನೊಬ್ಬನೇ. ನಮ್ಮ ಬರ್ಗರು, ಫ್ರೈಸು, ಕೋಲಾ ತಿಂದೂ ಕುಡಿದೂ ನನ್ನ ರಕ್ತ ಬೆಳ್ಳಗಾಗಿದೆ, ತಗೊಳ್ಳಲ್ಲ ಅಂತಿದ್ದಾರೆ. ದಯವಿಟ್ಟು ನನಗೆ ಯಾರೂ ಏನೂ ಕೊಡಬೇಡಿ. ನಾನೇ ಕೇಳಿದ್ರೂ ಕೊಡಬೇಡಿ."

ಯಾರೂ ಅಲುಗಾಡಲಿಲ್ಲ. ಆಚೆ ಗಿರಾಕಿಗಳ ಸದ್ದೂ ನಿಂತಿತ್ತು. ಮೈಕಿನಲ್ಲಿ ಎರಡು ಗುಂಡಿ ಇವೆ, ಒಂದು ಅಡುಗೆಮನೆಗೆ, ಒಂದು ಗಿರಾಕಿಗಳು ಕೂರುವ ಹಾಲ್‌ಗೆ. ಎರಡೂ ಒತ್ತಿದ್ದೆ.

ಕಿಟಕಿಯಿಂದ ಇಣುಕಿದೆ. ಟೈ ಕಟ್ಟಿದವನೊಬ್ಬ ಬಾಯಿ ತೆರೆದು, ಬರ್ಗರ್ ಬಾಯಿಯ ಹತ್ತಿರ ಹಿಡಿದು, ಹಾಗೇ ಕೂತಿದ್ದ. ಒಬ್ಬಳು ತಾಯಿ ಮಗನ ಕೈಯಿಂದ ಕೋಲಾ ಲೋಟ ಕಿತ್ತುಕೊಳ್ಳುತ್ತಿದ್ದಳು. ಸಾಲಿನಲ್ಲಿ ನಿಂತಿದ್ದ ಅಜ್ಜ ಕೌಂಟರಿನವಳಿಗೆ "ಬರೀ ನೀರು ಸಿಗತ್ತಾಮ್ಮ?" ಅಂದ.

ಮ್ಯಾನೇಜರ್ ಸಾರ್ ಓಡಿ ಬಂದರು. "ಈಗ ಹೇಳಿದ್ದೆಲ್ಲ ತಮಾಷೆಗೆ ಅಂತ ಮೈಕಲ್ಲಿ ಹೇಳು."

"ತಮಾಷೆ ಅಲ್ಲವಲ್ಲ ಸಾರ್."

"ಹೇಳ್ತೀಯೋ ಇಲ್ವೋ?"

ಮತ್ತೆ ಮೈಕ್ ಹಿಡಿದೆ. "ಈಗ ಹೇಳಿದ್ದು ತಮಾಷೆ ಅಂತ ಹೇಳೋಕೆ ಮ್ಯಾನೇಜರ್ ಸಾರ್ ಹೇಳಿದ್ದಾರೆ."

ನಾಳೆಯಿಂದ ಪಾತ್ರೆ ತೊಳೆಯುವ ಕೆಲಸ.

ಮಾರ್ಚ್ 24, ಸೋಮವಾರ

ಪಾತ್ರೆ ತೊಳೆಯುವ ಜಾಗದಿಂದ ತಟ್ಟೆ ಕಾಣುವುದಿಲ್ಲ. ಶಿಕ್ಷೆ ಕೊಟ್ಟವರು ಇದನ್ನು ಯೋಚಿಸಿರಲಿಕ್ಕಿಲ್ಲ.

ಅಡುಗೆಮನೆಯವರೆಲ್ಲ ನನ್ನನ್ನು ಕಾಯುತ್ತಿದ್ದಾರೆ, ಬೆಕ್ಕಿನಿಂದ ಹಾಲು ಕಾಯುವ ಹಾಗೆ. ಈ ಕಥೆಯಲ್ಲಿ ಬೆಕ್ಕೂ ನಾನು, ಕೆಟ್ಟುಹೋದ ಹಾಲೂ ನಾನು. ನಾನು ಆ ಕಡೆ ಹೋದರೆ ಮೇಯೊ ತಟ್ಟೆಗೆ ಟವೆಲ್ ಮುಚ್ಚುತ್ತಾನೆ. ಬ್ರೇಕ್ ಮುಗಿಸಿ ಬಂದರೆ "ಬಾಯಿ ಬಿಡು" ಎಂದು ಮೂಸಿ ನೋಡುತ್ತಾನೆ. "ಎಲೆಕೋಸು. ಪಾಸ್."

ಎಣ್ಣೆಯಮ್ಮ ತನ್ನ ಡಬ್ಬಿಯಿಂದ ಬೇಯಿಸಿದ ಕಾಳು ಹಾಕಿದಳು. "ಮೊದಲೇ ಬಾಯಿ ಬಿಟ್ಟು ಹೇಳಿದ್ರೆ ಶಾಪ ಹಾಕ್ತಿದ್ನೇನೋ, ಮುಂಡೇದೇ." ಶಾಪ ವಾಪಸ್ ತೆಗೆದುಕೊಂಡಿದ್ದಾಳಂತೆ.

ಮೇಯೊಗೆ ಹೊಸ ಚಿಂತೆ. "ನಂದೂ ಬೆಳ್ಳಗಿರತ್ತಾ ಗುರು?"

"ಇರಬಹುದು."

"ಇಲ್ಲ ಅನ್ನೋ, ಸಮಾಧಾನಕ್ಕಾದ್ರೂ."

"ಗೊತ್ತಿಲ್ಲ ಮೇಯೊ. ಒಂದು ಟ್ಯೂಬ್ ಕೊಟ್ಟು ನೋಡು."

ಮಧ್ಯಾಹ್ನ ಅವನು ತನ್ನ ಬರ್ಗರಿನಿಂದ ಮೇಯೊನೀಸ್ ಕೆರೆದು ತೆಗೆಯುತ್ತಿದ್ದ. ಸ್ವಂತ ತಮ್ಮನನ್ನು ಮನೆಯಿಂದ ಹೊರಗೆ ಹಾಕಿದಂಥ ಮುಖ.

ಸಂಜೆ ಅಕ್ಕನ ನೀರಿನ ಕ್ಯಾನ್ ಹೊತ್ತು ಮೆಟ್ಟಿಲು ಹತ್ತಿದೆ. ಮೇಲೆ ಬಂದ ಮೇಲೆ ಹೊಳೆಯಿತು: ಎಲ್ಲೂ ನಿಂತಿರಲಿಲ್ಲ. ನಂಬಿಕೆ ಬರದೆ ಖಾಲಿ ಕ್ಯಾನ್ ಹಿಡಿದು ಇಳಿದು ಮತ್ತೆ ಹತ್ತಿದೆ. ಊಟವಾದ ಮೇಲೆ ತೂಕಡಿಕೆಯೂ ಇಲ್ಲ. ಕೆಟ್ಟ ಸುದ್ದಿ ಏನೆಂದರೆ, ಎಲೆಕೋಸು ಅಷ್ಟೇನೂ ಕೆಟ್ಟದಾಗಿಲ್ಲ ಎನ್ನಿಸತೊಡಗಿದೆ. ಅಮ್ಮನಿಗೆ ಹೇಳುವುದಿಲ್ಲ. ಕೇಳಿದರೆ ಹೇಳಬೇಕಾಗುತ್ತದೆ. ಕೇಳದಿರಲಿ.

ಮಾರ್ಚ್ 28, ಶುಕ್ರವಾರ

ಟ್ಯೂಬ್ ತಿರುಗುವಾಗ ನೋಡಲಾಗಲಿಲ್ಲ. ಗೋಡೆಗೆ ಮುಖ ಮಾಡಿ ನಿಂತೆ. ಭಾವ ನನಗಿಂತ ಮುಂಚೆಯೇ ಗೋಡೆಗೆ ಮುಖ ಮಾಡಿ ನಿಂತಿದ್ದ.

"ತಿರುಗ್ರಪ್ಪಾ ಇಬ್ಬರೂ," ಅಂದರು ಮೇಡಂ.

ತಿಳಿ ಹಳದಿ. ಟ್ಯೂಬಿನ ಆಚೆ ಮೇಡಂ ಬೆರಳು ಕಾಣುತ್ತಿತ್ತು. ಬೆರಳಿನ ಉಗುರೂ ಕಾಣುತ್ತಿತ್ತು.

ಉಳಿದ ಪರೀಕ್ಷೆಗಳೂ ಸರಿ ಬಂದವು. ಮಲಗಿಸಿ ಚೀಲ ತುಂಬಿಸಿದರು. ಅಲುಗಾಡದೆ ಮಲಗುವುದೇ ದೊಡ್ಡ ಕಷ್ಟ. ಸೂಜಿ ಏನೂ ಅಲ್ಲ. "ಕಾಲು ಆಡಿಸಬೇಡ" ಎಂದು ಹೇಳಿ ಹೇಳಿ ಸಾಕಾಗಿ ಕೊನೆಗೆ ಭಾವ ನನ್ನ ಕಾಲ ಮೇಲೇ ಕೂತ.

ಮುಗಿದ ಮೇಲೆ ರಕ್ತ ಕೊಟ್ಟವರಿಗೆಲ್ಲ ಕೊಡುವ ಪೊಟ್ಟಣ ನನ್ನ ಕೈಗೂ ಬಂತು. ಬಿಚ್ಚಿದೆ. ಒಂದು ಕೋಲಾ, ಒಂದು ಚಿಪ್ಸ್.

ಮೇಡಂ ಮುಖ ನೋಡಿದೆ. ಮೇಡಂ ಕಿಟಕಿ ನೋಡಿದರು. "ಅದನ್ನ ತರಿಸೋದು ಬೇರೆ ವಿಭಾಗ," ಅಂದರು.

ಭಾವನಿಗೆ ಕೊಟ್ಟೆ. ಅಲ್ಲೇ ಬೆಂಚಿನ ಮೇಲೆ ಕೂತು ಗಟಗಟ ಕುಡಿದ. ಕಣ್ಣಲ್ಲಿ ನೀರು. "ಗ್ಯಾಸ್ ಮೂಗಿಗೆ ಹೋಯ್ತು," ಅಂದ. ನಾನೇನೂ ಅನ್ನಲಿಲ್ಲ. ಕೇಳಿರಲಿಲ್ಲವಲ್ಲ.

ಏಪ್ರಿಲ್ 2, ಬುಧವಾರ. ಬೆಳಿಗ್ಗೆ, ಆಸ್ಪತ್ರೆಯ ಕಾರಿಡಾರ್

ಅಕ್ಕ ಒಳಗೆ. ಹೋಗುವಾಗ ನನ್ನ ಕೈ ಹಿಡಿದು, "ನಿನ್ನ ರಕ್ತ ಹಾಕಿದ್ರೆ ನಾನೂ ನಿನ್ನ ಹಾಗೆ ಮಾತಾಡೋಕೆ ಶುರು ಮಾಡ್ತೀನೇನೋ, ಅದೇ ಭಯ," ಅಂದಳು. ಕೈ ತಣ್ಣಗಿತ್ತು.

ಅಮ್ಮ ಕಣ್ಣು ಮುಚ್ಚಿ ಕೂತಿದ್ದಾಳೆ. ಭಾವ ಆಸ್ಪತ್ರೆಯ ಲಿಫ್ಟ್ ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲವೆಂದು ಅದರ ಮುಂದೆ ನಿಂತಿದ್ದಾನೆ. ಯಾರೂ ಅವನನ್ನು ಕರೆದಿಲ್ಲ. ನಾನು ಬರೆಯುತ್ತಿದ್ದೇನೆ. ಕೈಗೆ ಏನಾದರೂ ಕೆಲಸ ಬೇಕು.

ಸ್ವಲ್ಪ ಹೊತ್ತಾದ ಮೇಲೆ

ಹೆಣ್ಣು ಮಗು! ಅಕ್ಕ ಚೆನ್ನಾಗಿದ್ದಾಳೆ! ರಕ್ತ ಹೆಚ್ಚು ಹೋಗಲೇ ಇಲ್ಲವಂತೆ. ಭಾವ ಲಿಫ್ಟಿನವನನ್ನು ತಬ್ಬಿಕೊಂಡ. ಅಮ್ಮ ಮೊದಲು ಅತ್ತಳು, ಆಮೇಲೆ ನನಗೆ ಬೈದಳು. ಯಾಕೆಂದು ತಿಳಿಯಲಿಲ್ಲ, ಚೆನ್ನಾಗಿತ್ತು.

ಮಧ್ಯಾಹ್ನ

ಬ್ಲಡ್ ಬ್ಯಾಂಕ್ ಮೇಡಂ ಸಿಕ್ಕರು. ನನ್ನ ಚೀಲ ಅಕ್ಕನಿಗೆ ಬೇಕಾಗಲಿಲ್ಲ. ಅದೇ ಗುಂಪಿನ ಇನ್ಯಾರಿಗೋ ತುರ್ತಾಗಿ ಬೇಕಿತ್ತು. ಅಕ್ಕನ ಡಾಕ್ಟರು ಒಪ್ಪಿದ ಮೇಲೆ ಅಲ್ಲಿಗೆ ಹೋಯಿತಂತೆ.

ಮೊದಲು ಬಂದದ್ದು ಸಂತೋಷವಲ್ಲ. ಸಿಟ್ಟು. ಅಕ್ಕನಿಗೆಂದು ನಾನು ಎಲೆಕೋಸು ತಿಂದದ್ದು. ಯಾರೋ ದಾರಿಹೋಕರಿಗೆ ಅಂದಿದ್ದರೆ ಒಂದು ದಿನವೂ ತಿನ್ನುತ್ತಿರಲಿಲ್ಲ. ಒಳ್ಳೆಯವನ ಹಾಗೆ ಕಾಣಲು ಬೇರೆ ಬರೆಯಬಹುದು, ಆದರೆ ಇದೇ ನಿಜ.

"ಯಾರಿಗೆ ಮೇಡಂ?"

"ಅದನ್ನ ಹೇಳೋ ಹಾಗಿಲ್ಲಪ್ಪ." ಹೋದರು.

ಎದುರಿನ ಬೆಂಚಿನಲ್ಲಿ ಒಬ್ಬ. ನನ್ನದೇ ವಯಸ್ಸು. ನನಗಿಂತ ಸಣಕಲ. ಫೋನಿನಲ್ಲಿ ಜೋರಾಗಿ ಮಾತು. "ಸಿಕ್ತು, ಸಿಕ್ತು, ಅಮ್ಮಂಗೆ ಈಗ ಹಾಕ್ತಿದ್ದಾರೆ... ನಂದಾ? ನಂದು ಬೇಡ ಅಂದ್ರಪ್ಪ. ಅದೇನೋ ಬೆಳ್ಳಗಿದೆಯಂತೆ, ನನಗೂ ಅರ್ಥ ಆಗಲಿಲ್ಲ... ಇಲ್ಲಪ್ಪ, ನಾನು ಗಟ್ಟಿಮುಟ್ಟಾಗಿದ್ದೀನಿ. ಇನ್ನೂ ಎರಡು ಚೀಲ ಬೇಕಾಗಬಹುದು ಅಂತಾರೆ, ನೋಡೋಣ."

ಫೋನ್ ಇಟ್ಟ. ಮುಖ ಒರೆಸಿಕೊಂಡ. ಪಕ್ಕದಲ್ಲಿದ್ದ ಕಾಗದದ ಚೀಲ ಬಿಚ್ಚಿದ. ವಾಸನೆ ಇಲ್ಲಿಗೂ ಬಂತು. ನನ್ನ ಬಾಯಲ್ಲಿ ನೀರು. ಬರ್ಗರ್ ತೆಗೆದು, ನನ್ನನ್ನು ನೋಡಿದ. ಎರಡು ಭಾಗ ಮಾಡಿ, ದೊಡ್ಡ ಭಾಗವನ್ನು ನನ್ನ ಕಡೆ ಚಾಚಿದ.

"ತಗೊಳ್ಳಿ ಬ್ರದರ್. ಬೆಳಿಗ್ಗೆಯಿಂದ ನೀವೂ ಇಲ್ಲೇ ಕೂತಿದ್ದೀರಿ, ಏನೂ ತಿಂದ ಹಾಗಿಲ್ಲ. ಒಬ್ಬನೇ ತಿನ್ನೋಕೆ ಮನಸ್ಸು ಬರಲ್ಲ."

ಎಷ್ಟು ಒಳ್ಳೆಯವನು. ಎರಡು ದಿನದಿಂದ ನಿದ್ದೆ ಮಾಡಿದ ಕಣ್ಣಲ್ಲ. ಅವನ ತಾಯಿ ಆ ಬಾಗಿಲ ಹಿಂದೆ. ನೆಮ್ಮದಿಯಾಗಿ ಒಂದು ತುತ್ತು ತಿನ್ನಲಿ, ಆಮೇಲೆ ಹೇಳೋಣ ಎಂದರೆ, ಇದು ತಿಂದ ಮೇಲೆ ಹೇಳುವ ಮಾತಲ್ಲ. ಇನ್ನೂ ಎರಡು ಚೀಲ ಬೇಕು. ನಾನು ಇನ್ನು ಮೂರು ತಿಂಗಳು ಕೊಡುವಂತಿಲ್ಲ.

"ಏನು ಬರೀತಿದ್ದೀರಿ?" ಎಂದು ಕೇಳುತ್ತಿದ್ದಾನೆ. ಕೈ ಇನ್ನೂ ಚಾಚಿಯೇ ಇದೆ. ಕೇಳಿಬಿಟ್ಟ ಮೇಲೆ ಇನ್ನೇನು. ಎದ್ದು ಹೋಗಿ ಪಕ್ಕದಲ್ಲಿ ಕೂತು, ಮೊದಲು ಆ ಎರಡೂ ಭಾಗ ಅವನ ಕೈಯಿಂದ ತೆಗೆದಿಡಬೇಕು. ಆಮೇಲೆ ನನ್ನ ಬಿಳಿ ರಕ್ತದ ಕಥೆ.